ಬುತ್ತಿ ಕಟ್ಟಿಕೊಂಡು ವಾಲ್ಪಾರೈಗೆ

ಜೇವರ್ಗಿಯಲ್ಲಿ ಹುಟ್ಟಿ ಚಾಮರಾಜನಗರದಲ್ಲಿ ಮುಗಿಯುವ ರಸ್ತೆಯೊಂದಿದೆ, ನೀವು ಬಲ್ಲಿರಾ? ಸರ್ಕಾರದ ಕಡತದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 150ಎ. ಸುರಪುರ, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಹಿರಿಯೂರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು, ನಂಜನಗೂಡು, ಆಮೇಲೆ ಚಾಮರಾಜನಗರ. ಈ ಹೆಸರುಗಳನ್ನು ಒಂದರ ಹಿಂದೊಂದು ಬಾಯಿಬಿಟ್ಟು ಹೇಳಿ ನೋಡಿ. ಜೋಳದ ರೊಟ್ಟಿ ರಾಗಿಮುದ್ದೆಯಾಗುತ್ತದೆ, ಕರಿಮಣ್ಣು ಕೆಂಪಾಗುತ್ತದೆ, 'ಹೌದ್ರಿ' ಎನ್ನುತ್ತಿದ್ದವರು 'ಹೂಂ ಕಣಪ್ಪ' ಎನ್ನತೊಡಗುತ್ತಾರೆ. ದೇಶ ಸುತ್ತಬೇಕೆಂಬ ಆಸೆ ಇದ್ದು ಕಿಸೆಯಲ್ಲಿ ದುಡ್ಡು ಕಡಿಮೆ ಇರುವವನಿಗೆ ಇಂಥ ರಸ್ತೆ ಮನೆ ಮುಂದೆಯೇ ಹಾದುಹೋಗುವುದು ದೊಡ್ಡ ಭಾಗ್ಯ.

ನಮ್ಮದು ಸಿಂಧನೂರು. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ಬಳ್ಳಾರಿ, ರಾಯಚೂರಿನವರಿಗೆ ಹೇಳಬೇಕಿಲ್ಲ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತು ಬಹಳ ಹಳೆಯದು. ಏಪ್ರಿಲಿನಲ್ಲಿ 40 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಶಾಲೆಗೆ ರಜೆ ಬರುವುದು, ಹೊಲದ ಕೆಲಸಕ್ಕೆ ಒಂದಿಷ್ಟು ಬಿಡುವು ಸಿಗುವುದು ಆ ಕಾಲದಲ್ಲೇ ತಾನೆ? ಹಾಗಾಗಿ ಪ್ರವಾಸವೆಂದರೆ ಬಿಸಿಲಲ್ಲೇ ಆಗಬೇಕು. ಈ ಸಲ ನಮ್ಮ ಮನೆಯ ಕಟ್ಟೆಯ ಮೇಲೆ ಎದ್ದಿರುವ ಹೆಸರು ವಾಲ್ಪಾರೈ. ಕೊಯಮತ್ತೂರು ಜಿಲ್ಲೆಯ ಆನೆಮಲೆಯ ಮೇಲೆ, ಸುಮಾರು 3,500 ಅಡಿ ಎತ್ತರದಲ್ಲಿ, ಚಹಾ ತೋಟಗಳ ನಡುವೆ ಇರುವ ಊರು.

"ಅಲ್ಲೋ, ಚಾ ಗಿಡ ನೋಡಾಕ ಅಷ್ಟು ದೂರ ಹೋಗಬೇಕೇನು?" ಎಂದು ಅವ್ವ ಕೇಳಿದ್ದು ಸಹಜವೇ. ಊಟಿ ಹತ್ತಿರ, ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಬೇಸಿಗೆಯಲ್ಲಿ ಅಲ್ಲಿ ಕೋಣೆಯ ಬಾಡಿಗೆ ಕೇಳಿದವರಿಗೆ ವಾಲ್ಪಾರೈಯ ಮೇಲೆ ಪ್ರೀತಿ ತಾನಾಗಿ ಹುಟ್ಟುತ್ತದೆ. ಅದಿರಲಿ, ನನಗೆ ವಾಲ್ಪಾರೈ ಬೇಕಾಗಿರುವುದು ಬೇರೆ ಕಾರಣಕ್ಕೆ. ಆ ಕಾರಣ ಹೇಳುತ್ತೇನೆ, ಆದರೆ ಮೊದಲು ಗಾಡಿ ಗೊತ್ತಾಗಬೇಕಲ್ಲ.

ನಮ್ಮ ಸೀಮೆಯಲ್ಲಿ ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ, ಎಲ್ಲಕ್ಕೂ ಇರುವುದು ಕ್ರೂಸರ್. ಹತ್ತು ಜನ ಆರಾಮಾಗಿ ಕೂಡಬಹುದು, ಮಕ್ಕಳು ತೊಡೆಯ ಮೇಲೆ. ಬುತ್ತಿಗಂಟು, ಹಾಸಿಗೆ, ಗ್ಯಾಸಿನ ಸಣ್ಣ ಒಲೆ ಟಾಪಿನ ಮೇಲೆ. ಎಸಿ ಇಲ್ಲ, ಇದ್ದರೂ ಎಣ್ಣೆಯ ಲೆಕ್ಕಕ್ಕೆ ಹೆದರಿ ಹಾಕುವುದಿಲ್ಲ. ಸಿಂಧನೂರಿನಿಂದ ವಾಲ್ಪಾರೈ ಹತ್ತಿರ ಹತ್ತಿರ 750 ಕಿಲೋಮೀಟರ್. ಹೋಗಿಬರುವುದು, ಅಲ್ಲಿ ಇಲ್ಲಿ ಸುತ್ತಾಟ ಸೇರಿಸಿ 1,600 ಅನ್ನಿ. ಲೀಟರಿಗೆ 11 ಕಿಲೋಮೀಟರ್ ಎಂದು ಹಿಡಿದರೆ 145 ಲೀಟರು. ಡೀಸೆಲ್ 90 ರೂಪಾಯಿಯ ಆಸುಪಾಸು ಎಂದುಕೊಂಡರೆ 13,000ದ ಮೇಲೊಂದಿಷ್ಟು. ಹತ್ತು ಮಂದಿ ಹಂಚಿಕೊಂಡರೆ ತಲೆಗೆ 1,300! ನಮ್ಮ ಕಾಕಾ ಈ ಲೆಕ್ಕವನ್ನು ಬೀಡಿ ಪೊಟ್ಟಣದ ಹಿಂದೆ ಬರೆದು ಎಲ್ಲರಿಗೂ ತೋರಿಸಿದ. ಗಾಡಿಯ ಬಾಡಿಗೆ, ಡ್ರೈವರಣ್ಣನ ಭತ್ಯೆ, ಟೋಲು, ಹಳದಿ ಬೋರ್ಡಿನ ಗಾಡಿಯಾದ್ದರಿಂದ ಹೊರರಾಜ್ಯದ ಪರ್ಮಿಟ್ಟು, ಇವೆಲ್ಲ ಅದರ ಮೇಲೆ. ಆದರೂ ಹೇಳಿ, ಹತ್ತು ಜನರ ಮನೆತನವೊಂದು ಇದಕ್ಕಿಂತ ಅಗ್ಗವಾಗಿ ಇಡೀ ಕರ್ನಾಟಕವನ್ನು ಉದ್ದಕ್ಕೆ ಸೀಳಿಕೊಂಡು ಹೋಗಿ ಇನ್ನೊಂದು ರಾಜ್ಯದ ಬೆಟ್ಟ ಹತ್ತಲು ಸಾಧ್ಯವೇ?

ದೂರ ಹೊರಟವರಿಗೆ ಮೊದಲು ಸಿಗುವುದು ಭಯ ಹೇಳುವ ಹಿರಿಯರು. "ರಾತ್ರಿ ಹೊಂಡಬ್ಯಾಡ್ರಿ, ಕಾಲ ಚಲೋ ಇಲ್ಲ" ಎಂಬ ಮಾತು ನಮ್ಮ ಕಡೆ ಎಷ್ಟು ತಲೆಮಾರಿನಿಂದ ಬಂದಿದೆಯೋ. ಅದಕ್ಕೊಂದು ಇತಿಹಾಸವೂ ಇದೆ. ಇದೇ ರಸ್ತೆಯ ಮೇಲ್ಗಡೆ ಸುರಪುರದಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1841ರಿಂದ ಹತ್ತು ಹನ್ನೆರಡು ವರ್ಷ ಸುರಪುರ ಸಂಸ್ಥಾನವನ್ನು ನೋಡಿಕೊಂಡವನು. ಅವನು ಸುರಪುರಕ್ಕೆ ಬರುವ ಮುಂಚೆಯೇ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆ ಎಂಬ ಅರ್ಥದ ಕಾದಂಬರಿ ಬರೆದು ಹೆಸರುವಾಸಿಯಾಗಿದ್ದ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಅವರ ಜೊತೆಗೇ ಉಂಡು, ಒಳ್ಳೆಯ ಗಳಿಗೆ ನೋಡಿ ಕರವಸ್ತ್ರದಿಂದ ಕುತ್ತಿಗೆ ಬಿಗಿಯುವ ಠಕ್ಕರ ಕಥೆ ಅದು. ಆ ಕಾಲದಲ್ಲಿ ದಖನ್ನಿನ ದಾರಿ ಹಿಡಿದವನು ಗುಂಪಿನಲ್ಲೇ ಹೋಗಬೇಕು, ಅಪರಿಚಿತನ ಗುಂಪಿಗೆ ಮಾತ್ರ ಸೇರಬಾರದು. ಎಂಥ ಇಕ್ಕಟ್ಟು ನೋಡಿ! ನಮ್ಮ ಹಿರಿಯರ ರಕ್ತದಲ್ಲಿ ಆ ಎಚ್ಚರ ಇನ್ನೂ ಉಳಿದಿದ್ದರೆ ಆಶ್ಚರ್ಯವೇನು?

ಈ ರಸ್ತೆಯ ಇತಿಹಾಸದ ಮಾತು ಬಂದಮೇಲೆ ಮಸ್ಕಿಯನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವಾಗ ನಡುವೆ ಸಿಗುವ ಊರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಬಂದವನು ಬಂಡೆಯ ಮೇಲೆ ಅಕ್ಷರ ಕಂಡ. ಅದುವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದೇ ಓದುತ್ತಿದ್ದ ದೊರೆ ಅಶೋಕನೇ ಎಂಬುದಕ್ಕೆ ಹೆಸರಿನ ಸಾಕ್ಷಿ ಸಿಕ್ಕಿದ್ದು ಆ ಬಂಡೆಯಲ್ಲಿ. ಅದೇ ಅಶೋಕ ಬೇರೆ ಕಡೆಯ ಶಾಸನಗಳಲ್ಲಿ, ದಾರಿಗಳ ಪಕ್ಕದಲ್ಲಿ ಮರ ನೆಡಿಸಿದ್ದೇನೆ, ಬಾವಿ ತೋಡಿಸಿದ್ದೇನೆ, ಮನುಷ್ಯರಿಗೂ ಪಶುಗಳಿಗೂ ಆಗಲಿ ಎಂದು ಬರೆಸಿದ. ಎರಡು ಸಾವಿರದ ಚಿಲ್ಲರೆ ವರ್ಷದ ಹಿಂದಿನ ಚಕ್ರವರ್ತಿಗೆ ಬಿಸಿಲ ದಾರಿಯ ಮರ್ಮ ಗೊತ್ತಿತ್ತು. ಈಗ ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಅದೇ ಮರ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ. ದುಡ್ಡಿರುವವನಿಗೆ ಎಸಿ ಇದೆ, ಗಾಜು ಏರಿಸಿ ಹೋಗುತ್ತಾನೆ. ಕ್ರೂಸರಿನವನಿಗೆ, ಬೈಕಿನವನಿಗೆ, ಕುರಿ ಹೊಡೆದುಕೊಂಡು ಹೋಗುವವನಿಗೆ ಆ ಬೇವು, ಆ ಹುಣಸೆ, ಆ ಆಲವೇ ಛತ್ರ. ಆದ್ದರಿಂದ ನಮ್ಮ ಯೋಜನೆಯ ಕಾಗದದಲ್ಲಿ ಊರುಗಳ ಪಟ್ಟಿಯ ಪಕ್ಕದಲ್ಲೇ ಮರಗಳ ಪಟ್ಟಿಯೂ ಇದೆ. ಡ್ರೈವರಣ್ಣ ಈ ರಸ್ತೆಯನ್ನು ಬಲ್ಲವನು. ಎಲ್ಲಿ ದೊಡ್ಡ ಆಲದ ಮರ ಉಳಿದಿದೆ, ಎಲ್ಲಿ ಗುಡಿಯ ಮುಂದೆ ಬೇವಿನ ಕಟ್ಟೆ ಇದೆ, ಯಾವ ಊರಿನ ಯುವಕರು ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಾರೆ, ಎಲ್ಲ ಹೇಳುತ್ತಾನೆ. ಅದನ್ನು ಬರೆದುಕೊಳ್ಳುವುದು ಮಕ್ಕಳ ಕೆಲಸ.

ಬಿಸಿಲ ಸೀಮೆಯಲ್ಲಿ ಪ್ರಯಾಣದ ಹೊತ್ತನ್ನು ಗಡಿಯಾರಕ್ಕಿಂತ ಸೂರ್ಯನೇ ಹೆಚ್ಚು ನಿಶ್ಚಯಿಸುತ್ತಾನೆ. ಬೆಳಗಿನ ಜಾವ ಮೂರಕ್ಕೆ ಗಾಡಿ ಹೊರಡಬೇಕು. ದಢೇಸೂಗೂರಿನ ಹತ್ತಿರ ತುಂಗಭದ್ರೆ ದಾಟುವಾಗ ಕತ್ತಲಿರಬೇಕು, ಬಳ್ಳಾರಿಯಲ್ಲಿ ಚಹಾ ಕುಡಿಯುವಾಗ ಮೂಡಣದಲ್ಲಿ ಕೆಂಪು ಕಾಣಬೇಕು, ಬಿಸಿಲು ಏರುವ ಮುಂಚೆ ಚಳ್ಳಕೆರೆ ದಾಟಿ ಹಿರಿಯೂರು ಸೇರಬೇಕು. ಹನ್ನೊಂದರಿಂದ ಮೂರೂವರೆಯವರೆಗೆ ಗಾಡಿ ನಿಲ್ಲಬೇಕು. ಯಾರು ಏನೇ ಹೇಳಲಿ, ನಿಲ್ಲಬೇಕು. "ಸುಮ್ನ ಹೊತ್ತು ಕಳೀತೈತಿ" ಎಂದು ಮಾವ ಗೊಣಗುತ್ತಾನೆ. ನಾನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಟಾರು ಕಾದಿರುತ್ತದೆ, ಟೈರು ಕಾದಿರುತ್ತದೆ, ಎಂಜಿನ್ನು ಕಾದಿರುತ್ತದೆ, ಇವೆಲ್ಲಕ್ಕಿಂತ ಹೆಚ್ಚಾಗಿ ಡ್ರೈವರಣ್ಣನ ಕಣ್ಣು ಎಳೆಯುತ್ತಿರುತ್ತದೆ. ಉಂಡ ಮೇಲಿನ ನಿದ್ದೆಯೂ ಉರಿಬಿಸಿಲೂ ಜೊತೆಗೂಡಿ ಎಷ್ಟು ಜೀವ ಹೋಗಿವೆ ಎಂಬುದನ್ನು ಹೆದ್ದಾರಿಯ ಪಕ್ಕದ ಊರಿನವರನ್ನು ಕೇಳಿ.

ಟೈರಿನ ಮಾತು ಬಂತಲ್ಲ, ಅದರ ಗಾಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಗಾಳಿ ನೋಡಿಸಬೇಕಾದ್ದು ಬೆಳಿಗ್ಗೆ, ಗಾಡಿ ಓಡುವ ಮುಂಚೆ, ಟೈರು ತಣ್ಣಗಿರುವಾಗ. ಓಡಿ ಕಾದ ಟೈರಿನಲ್ಲಿ ಒತ್ತಡ ತಾನಾಗಿ ಏರಿರುತ್ತದೆ. ಆಗ ಮೀಟರು ನೋಡಿ ಹೆಚ್ಚಾಯಿತೆಂದು ಗಾಳಿ ಬಿಟ್ಟರೆ, ಸಂಜೆ ತಣ್ಣಗಾದ ಮೇಲೆ ಅದು ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದ ಟೈರು ಮಗ್ಗುಲಲ್ಲಿ ಬಾಗಿ ಬಾಗಿ ಇನ್ನಷ್ಟು ಕಾಯುತ್ತದೆ, ಕಾದು ಒಡೆಯುತ್ತದೆ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆರೆದು ಮುಖ ಸುಟ್ಟುಕೊಂಡವರೂ ನಮ್ಮ ಕಡೆ ಉಂಟು. ಗಾಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಒಂದು ತಾಸು ಮಾತಾಡುತ್ತ ಕೂಡಬೇಕು. ಮಾತಿಗೇನು ಬರ ನಮ್ಮಲ್ಲಿ?

ನೀರಿನದು ಇನ್ನೊಂದು ಕಥೆ. ಹಿಂದೆ ಲಾರಿಗಳ ಮುಂದಿನ ಬಂಪರಿಗೆ ಕ್ಯಾನ್ವಾಸ್ ಬಟ್ಟೆಯ ನೀರಿನ ಚೀಲ ತೂಗಾಡುತ್ತಿತ್ತು, ನೆನಪಿದೆಯೇ? ಬಟ್ಟೆಯಿಂದ ನೀರು ಒಸರುತ್ತಿತ್ತು, ಗಾಳಿಗೆ ಆ ಒಸರು ಆರುತ್ತಿತ್ತು, ಆರುವಾಗ ಒಳಗಿನ ಶಾಖವನ್ನು ಎತ್ತಿಕೊಂಡು ಹೋಗುತ್ತಿತ್ತು. ಲಾರಿ ಓಡಿದಷ್ಟೂ ನೀರು ತಣ್ಣಗೆ. ಮಣ್ಣಿನ ಹೂಜಿಯ ಗುಟ್ಟೂ ಅದೇ. ಒಣ ಹವೆಯ ನಮ್ಮ ಸೀಮೆಯಲ್ಲಿ ಈ ವಿದ್ಯೆ ಫಲಿಸಿದಷ್ಟು ಮಂಗಳೂರಿನ ಕಡೆಯ ಒದ್ದೆ ಗಾಳಿಯಲ್ಲಿ ಫಲಿಸದು. ಕಾಕಾ ಹಳೆಯ ಪೇಟೆಯಲ್ಲಿ ಅಂಥ ಚೀಲ ಹುಡುಕಲು ಹೊರಟಿದ್ದಾನೆ. ಸಿಗದಿದ್ದರೆ ಪ್ಲಾಸ್ಟಿಕ್ ಕ್ಯಾನಿಗೆ ಗೋಣಿತಟ್ಟು ಸುತ್ತಿ ಹೊಲಿದು, ಅದನ್ನು ಆಗಾಗ ತೋಯಿಸುವುದು. ಬಾಟಲಿ ನೀರಿಗೆ ಸುರಿಯುವ ದುಡ್ಡಿನಲ್ಲಿ ಮಕ್ಕಳಿಗೆಲ್ಲ ಎಳನೀರು ಕುಡಿಸಬಹುದು ಎನ್ನುವುದು ಅವನ ವಾದ. ಅದರಲ್ಲೂ ಪೊಳ್ಳಾಚಿ ತೆಂಗಿನ ಸೀಮೆ. ಪಾಲಕ್ಕಾಡಿನ ಕಣಿವೆಯ ಮೂಲಕ ಪಶ್ಚಿಮದ ಗಾಳಿ ನುಗ್ಗುವ ಜಾಗ ಅದು. ಅಲ್ಲಿಯವರೆಗೆ ಹೋಗಿ ಬಾಟಲಿ ನೀರು ಕುಡಿಯುವುದೆಂದರೆ ಏನರ್ಥ?

ಬುತ್ತಿಯ ಮಾತು ಹೆಂಗಸರ ಕೈಯಲ್ಲಿದೆ, ಅದರಲ್ಲಿ ಯಾರೂ ಬಾಯಿ ಹಾಕುವಂತಿಲ್ಲ. ಖಡಕ್ ರೊಟ್ಟಿಯಷ್ಟು ಒಳ್ಳೆಯ ಜೊತೆಗಾರ ಪ್ರಯಾಣಿಕನಿಗೆ ಇನ್ನೊಂದಿಲ್ಲ. ಕೆಡುವುದಿಲ್ಲ, ಹಳಸುವುದಿಲ್ಲ, ಬಿಸಿಲಿಗೆ ಇನ್ನಷ್ಟು ಗರಿಗರಿಯಾಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇದ್ದರೆ ಪಲ್ಯದ ಚಿಂತೆ ಇಲ್ಲ. ಎಲ್ಲಾದರೂ ಮೊಸರು ಕೊಂಡರೆ ಊಟ ಮುಗಿಯಿತು. ಸಿಹಿಗೆ ಮಾದಲಿ. ಮಕ್ಕಳಿಗೆ ಒಗ್ಗರಣಿ ಹಾಕಿದ ಚುರುಮುರಿ. ಪ್ರತಿಯೊಬ್ಬರಿಗೂ ಕಚ್ಚಿ ತಿನ್ನಲು ಹಸಿ ಉಳ್ಳಾಗಡ್ಡಿ. "ಝಳ ಬಡಿಯಂಗಿಲ್ಲ" ಎಂದು ಅವ್ವ ಹೇಳುತ್ತಾಳೆ. ಪಕ್ಕದ ಮನೆಯ ಅಕ್ಕ ಬಂದು, ತಮಿಳರ ಊರಲ್ಲಿ ಇಡ್ಲಿ ಅಗ್ಗ, ಯಾಕೆ ಇಷ್ಟೆಲ್ಲ ಹೊರುತ್ತೀರಿ ಎಂದಳು. ಇಡ್ಲಿಯನ್ನೂ ತಿನ್ನೋಣ, ಬೇಡವೆಂದವರ್‍ಯಾರು? ಆದರೆ ಹತ್ತು ಜನ ಹೋಟೆಲಿನಲ್ಲಿ ಮೂರು ಹೊತ್ತು ಕೂತರೆ ಕಾಕಾನ ಬೀಡಿ ಪೊಟ್ಟಣದ ಲೆಕ್ಕ ಅಲ್ಲಿಗೇ ಮುಳುಗುತ್ತದೆ.

ಹಿರಿಯೂರಿನ ನಡುಮಧ್ಯಾಹ್ನ ಎಲ್ಲಿ ಕಳೆಯುವುದು ಎಂಬುದಕ್ಕೆ ನನ್ನಲ್ಲಿ ಉತ್ತರವಿದೆ: ಮಾರಿಕಣಿವೆ. ವಾಣಿವಿಲಾಸ ಸಾಗರ. ಎರಡು ಗುಡ್ಡದ ನಡುವೆ ವೇದಾವತಿಗೆ ಕಟ್ಟಿದ ಅಣೆಕಟ್ಟು, ಮೈಸೂರು ಸಂಸ್ಥಾನದವರು 1907ರಲ್ಲಿ ಮುಗಿಸಿದ್ದು. ಮಳೆ ಕಡಿಮೆ ಬೀಳುವ ಸೀಮೆ ಅದು. 1933ರಲ್ಲೊಮ್ಮೆ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಯೋಚಿಸಿ, ಹುಟ್ಟಿ ಬೆಳೆದು ಮೊಮ್ಮಕ್ಕಳನ್ನು ಕಂಡು ಹೋದ ಎಷ್ಟೋ ಮಂದಿ ತಮ್ಮೂರ ಕೆರೆ ತುಂಬಿದ್ದನ್ನು ಕಾಣಲೇ ಇಲ್ಲ. ಕೋಡಿ ಬಿದ್ದಾಗ ಬಂದ ಜನಸಾಗರ ನೀರಿಗೆ ಬಾಗಿನ ಹಿಡಿದು ಅತ್ತದ್ದರಲ್ಲಿ ನನಗೇನೂ ಅತಿ ಎನಿಸಲಿಲ್ಲ. ತುಂಗಭದ್ರೆಯ ಕಾಲುವೆ ಬರುವ ಮುಂಚೆ ನಮ್ಮ ಸಿಂಧನೂರೂ ಬರದ ಊರೇ ಆಗಿತ್ತು. 1953ರಲ್ಲಿ ಅಣೆಕಟ್ಟಾಗಿ, ಎಡದಂಡೆಯ ನೀರು ಹರಿದು, ಆಂಧ್ರದಿಂದ ರೈತರು ಬಂದು ಕ್ಯಾಂಪುಗಳಾಗಿ, ಈಗ ಕಣ್ಣು ಹಾಯ್ದಷ್ಟು ಭತ್ತ. ನೀರು ಕಂಡ ಊರಿನವರು ನೀರಿಗೆ ಕಾದ ಊರಿನ ದಂಡೆಯ ಮೇಲೆ ಕೂತು ರೊಟ್ಟಿ ಉಣ್ಣಬೇಕು ಎನ್ನುವುದು ನನ್ನ ಆಸೆ.

ಮೈಸೂರಿನಲ್ಲಿ ರಾತ್ರಿಗೆ ಬೀಗರ ಮನೆ ಇದೆ. ಚಾಪೆ ಹಾಸಿದರೆ ಸಾಕು, ಚಾವಣಿಯ ಮೇಲೆ ಮಲಗುತ್ತೇವೆ ಎಂದು ಮೊದಲೇ ಫೋನು ಮಾಡಿದ್ದಾಗಿದೆ. ಬಡವರ ಪ್ರವಾಸಕ್ಕೆ ನೆಂಟರಿಗಿಂತ ದೊಡ್ಡ ಲಾಡ್ಜಿಲ್ಲ. ಬರಿಗೈಯಲ್ಲಿ ಹೋಗುವುದಿಲ್ಲ, ಅದು ಬೇರೆ ಮಾತು. ಒಂದು ಚೀಲ ಸೋನಾಮಸೂರಿ ಟಾಪಿನ ಮೇಲೆ ಅವರಿಗೆಂದೇ ಏರುತ್ತದೆ.

ನಂಜನಗೂಡಿನಲ್ಲಿ ಕಪಿಲೆಯ ಸ್ನಾನ, ನಂಜುಂಡನ ದರ್ಶನ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಹಳೆಯ ಸೇತುವೆಯನ್ನು ಮಕ್ಕಳಿಗೆ ತೋರಿಸಬೇಕು. ಚಾಮರಾಜನಗರದಲ್ಲಿ ನಮ್ಮ 150ಎ ನಮ್ಮನ್ನು 948ಕ್ಕೆ ಒಪ್ಪಿಸುತ್ತದೆ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲದ ಮೇಲೆ ಕೊಯಮತ್ತೂರಿಗೆ ಹೋಗುವ ದಾರಿ ಅದು. ಕೊಳ್ಳೇಗಾಲದ ಹಿರಿಯರನ್ನು ಮಾತಿಗೆಳೆದು ನೋಡಿ. 1956ರ ರಾಜ್ಯ ವಿಂಗಡಣೆಯವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಜಿಲ್ಲೆಯ ಕಲೆಕ್ಟರು ಕೂತಿದ್ದ ಊರು ಕೊಯಮತ್ತೂರು! ಅಲ್ಲಿನ ಕನ್ನಡಿಗರ ಅಜ್ಜಂದಿರಿಗೆ ಕೊಯಮತ್ತೂರಿನ ಕಡೆ ಇಳಿಯುವ ದಿಂಬಂ ಘಾಟಿ ಪರದೇಶವಾಗಿರಲಿಲ್ಲ. ಈಗಲೂ ಗಡಿಯಾಚೆಗಿನ ತಾಳವಾಡಿ ಸೀಮೆ ಈರೋಡ್ ಜಿಲ್ಲೆಯಲ್ಲಿದ್ದರೂ ಮನೆಮಾತು ಕನ್ನಡವೇ. ದೀಪಾವಳಿಯ ಬೆನ್ನಿಗೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬ ನಡೆಯುವುದು ಅಲ್ಲೇ. ಡಾ. ರಾಜ್‌ಕುಮಾರರ ಗಾಜನೂರೂ ಅಲ್ಲೇ. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದದ್ದು ಅಲ್ಲಿನ ಮನೆಯಿಂದ. 108 ದಿನ ಕಾಡಿನಲ್ಲಿ. ನಮ್ಮ ಬಿಸಿಲೂರಿನಲ್ಲಿ ದಿನಾ ಸಂಜೆ ಜನ ರೇಡಿಯೊ ಸುತ್ತ ಸೇರುತ್ತಿದ್ದರು. ಆ ಕಾಡು ಎಲ್ಲಿದೆ, ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ದಿಂಬಂ, ತಾಳವಾಡಿ ಎಂಬ ಹೆಸರುಗಳು ಮಾತ್ರ ಬಾಯಿಪಾಠವಾಗಿದ್ದವು. ಅವ್ವ ಈ ಪ್ರವಾಸಕ್ಕೆ ಹೂಂ ಅಂದದ್ದು ವಾಲ್ಪಾರೈಗಲ್ಲ. "ರಾಜಣ್ಣನ ಊರು ಹಾದಿಮ್ಯಾಗ ಬರತೈತೇನು? ಹಂಗಾದ್ರ ನಡೀರಿ" ಎಂದಳು.

ದಿಂಬಂ ಘಾಟಿಗೆ 27 ತಿರುವು. ಹುಲಿ ಸಂರಕ್ಷಿತ ಕಾಡು. 2022ರ ಫೆಬ್ರವರಿ 10ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆ. ಹಾಗಾಗಿ ಮೈಸೂರನ್ನು ನಸುಕಿನಲ್ಲೇ ಬಿಟ್ಟರೆ ಬೆಳಕು ಹರಿದ ಮೇಲೆ ಗೇಟು ದಾಟಿ, ತಂಪಿನಲ್ಲೇ ಇಳಿದು, ಕೆಳಗೆ ಬಣ್ಣಾರಿ ಅಮ್ಮನಿಗೆ ಕೈಮುಗಿಯಬಹುದು. ನಿಜ ಹೇಳಬೇಕೆಂದರೆ ಘಾಟಿ ಇಳಿದ ಕೂಡಲೇ ಮತ್ತೆ ನಮ್ಮ ಊರಿನಂಥದೇ ಬಿಸಿಲು. ಸತ್ಯಮಂಗಲದಿಂದ ಕೊಯಮತ್ತೂರಿನವರೆಗೆ ಬಯಲು. ಕೊಯಮತ್ತೂರಿನಲ್ಲಿ ಕನ್ನಡ ಕೇಳಿದರೆ ಬೆಚ್ಚಬೇಡಿ. ಅಲ್ಲಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಒಳಗೆ ಆಡುವ ಮಾತು ಕನ್ನಡ, ತಮಿಳಿನ ರಾಗ ಹಚ್ಚಿಕೊಂಡ ಹಳೆಯ ಕನ್ನಡ. ಅವರ ಕುಲದೇವಿ ಚೌಡೇಶ್ವರಿ. ನಮ್ಮ ಕಡೆಯ ದೇವಾಂಗರದೂ ಅವಳೇ. ಮಗ್ಗದ ಜೊತೆ ದೇವಿಯನ್ನೂ ಮಾತನ್ನೂ ಹೊತ್ತುಕೊಂಡು ಯಾವ ಕಾಲದಲ್ಲಿ ಯಾವ ದಾರಿಯಲ್ಲಿ ಇಳಿದು ಹೋದರೋ ಅವರು! ಅವರಿಗೆ ಕ್ರೂಸರ್ ಇರಲಿಲ್ಲ, ಬೀಡಿ ಪೊಟ್ಟಣದ ಲೆಕ್ಕವೂ ಇರಲಿಲ್ಲ, ಬುತ್ತಿಯಂತೂ ಇದ್ದೇ ಇದ್ದೀತು.

ಪೊಳ್ಳಾಚಿಯಲ್ಲಿ ಅಗ್ಗದ ಲಾಡ್ಜಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಘಾಟಿ ಹತ್ತುವುದು. ವಾಲ್ಪಾರೈಗೆ ಈಗ ಸುಮ್ಮನೆ ನುಗ್ಗುವಂತಿಲ್ಲ. ಮದ್ರಾಸ್ ಹೈಕೋರ್ಟಿನ ಮಾತಿನ ಮೇಲೆ 2024ರ ಮೇ 7ರಿಂದ ಊಟಿ, ಕೊಡೈಕನಾಲಿಗೆ ಬಂದ ಇ-ಪಾಸು, 2025ರ ನವೆಂಬರ್ 1ರಿಂದ ವಾಲ್ಪಾರೈಗೂ ಬಂದಿದೆ. ಅದನ್ನು ಮೊಬೈಲಿನಲ್ಲಿ ಮಾಡಿಸುವ ಹೊಣೆ ಕಾಲೇಜು ಓದುವ ತಂಗಿಯದು. ಬೆಟ್ಟ ಎಷ್ಟು ಗಾಡಿ ತಾಳುತ್ತದೆ ಎಂದು ಲೆಕ್ಕ ಇಡುವುದು ಒಳ್ಳೆಯದೇ. ನಮ್ಮ ಒಂದು ಕ್ರೂಸರಿನಲ್ಲಿ ಹತ್ತು ಜನ ಹೋಗುತ್ತೇವೆ, ಆ ಲೆಕ್ಕದಲ್ಲಿ ಬೆಟ್ಟಕ್ಕೆ ನಮ್ಮಿಂದ ಹೊರೆ ಕಡಿಮೆ.

ಆಳಿಯಾರ್ ಅಣೆಕಟ್ಟಿನ ಹತ್ತಿರ ಶುರುವಾಗುವ ಘಾಟಿಗೆ 40 ತಿರುವು, ಒಂದೊಂದಕ್ಕೂ ನಂಬರು ಬರೆದಿದ್ದಾರೆ. ಒಂಬತ್ತನೆಯದು ಲೋಮ್ಸ್ ವ್ಯೂ, ಈ ರಸ್ತೆ ಹಾಕಿದ ಲೋಮ್ ಎಂಬ ಎಂಜಿನಿಯರನ ಹೆಸರು. ಅಲ್ಲಿ ನಿಂತರೆ ಕೆಳಗೆ ಆಳಿಯಾರಿನ ನೀರು, ಆಚೆ ಬಯಲು, ಬಂಡೆಯ ಮೇಲೆ ಅದೃಷ್ಟವಿದ್ದರೆ ವರೆಯಾಡು. ತಮಿಳುನಾಡಿನ ರಾಜ್ಯಪ್ರಾಣಿಯಾದ ಆ ಕಾಡುಮೇಕೆಗೆ ಬಿಸ್ಕತ್ತು ಎಸೆಯಬಾರದು, ಇದನ್ನು ಮಕ್ಕಳಿಗೆ ಈಗಿನಿಂದಲೇ ಹೇಳುತ್ತಿದ್ದೇವೆ. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನೇ ಒತ್ತುತ್ತ ಇಳಿದರೆ ಕಾದು ಹಿಡಿಯುವುದೇ ಇಲ್ಲ. ಬಯಲುಸೀಮೆಯ ನೆಟ್ಟನೆಯ ರಸ್ತೆಯಲ್ಲೇ ಕೈ ಪಳಗಿದ ಡ್ರೈವರಣ್ಣನಿಗೆ ಇದನ್ನು ಹೇಳಿದರೆ, "ದಿಂಬಂ ಇಳಿಯೂದರಾಗ ರೂಢಿ ಆಗತೈತಿ ಬಿಡ್ರಿ" ಎನ್ನುತ್ತಾನೆ. ಮುಂದೆ ಅಟ್ಟಕಟ್ಟಿ, ಕಾವರ್ಕಲ್, ರೊಟ್ಟಿಕಡೈ, ವಾಲ್ಪಾರೈ. ದಾರಿಯಲ್ಲೇ ಕಾರ್ವರ್ ಮಾರ್ಷ್ ಎಂಬ ತೋಟದ ದೊರೆಯ ಪ್ರತಿಮೆ ಇದೆ. ಕಾಡು ಕಡಿಸಿ ಚಹಾ ಹಬ್ಬಿಸಿದ ಕಾಲದ ಗುರುತು. ಕಾಡು ಕಡಿದವರು, ಬಯಲಿನಿಂದ ಹತ್ತಿ ಬಂದು ಜಿಗಣೆ, ಮಳೆ, ಜ್ವರ ಉಂಡು ಗಿಡ ನೆಟ್ಟವರು ಬಡ ಕೂಲಿಗಳು. ಅವರಿಗೊಂದು ಪ್ರತಿಮೆ ಆ ಎತ್ತರದಲ್ಲಿ ನಿಲ್ಲಬೇಕು ಎಂದು ನನಗೆ ಅನ್ನಿಸುತ್ತದೆ.

ಈಗ ನನ್ನ ಕಾರಣ. ವಾಲ್ಪಾರೈಯ ತೋಟಗಳ ನಡುವೆ ಕಾಡಿನ ತುಣುಕುಗಳು ಉಳಿದಿವೆ. ಆನೆಗಳು ಒಂದು ತುಣುಕಿನಿಂದ ಇನ್ನೊಂದಕ್ಕೆ ತೋಟದ ಮೂಲಕವೇ ನಡೆಯುತ್ತವೆ. ಕತ್ತಲಲ್ಲಿ ಬಸ್ಸಿಳಿದು ಲೈನು ಮನೆಗೆ ನಡೆಯುವಾಗ ಎದುರು ಆನೆ ನಿಂತಿರುವುದು ಕಾಣದೆ ಸತ್ತ ಕೂಲಿಗಳು ಅನೇಕರು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ಅಲ್ಲಿ ಒಂದು ಉಪಾಯ ಮಾಡಿದರು. ಆನೆ ಎಲ್ಲಿದೆ ಎಂದು ಸಂಜೆ ಸ್ಥಳೀಯ ಟೀವಿಯ ಕೆಳಗೆ ಅಕ್ಷರದಲ್ಲಿ ಓಡುತ್ತದೆ, ಜನರ ಮೊಬೈಲಿಗೆ ಸಂದೇಶ ಹೋಗುತ್ತದೆ, ಎತ್ತರದ ಕಂಬಗಳ ಮೇಲೆ ಕೆಂಪು ದೀಪ ಹತ್ತುತ್ತದೆ. ದೀಪ ಕಂಡವರು ನಿಲ್ಲುತ್ತಾರೆ, ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಸಾವು ಬಹಳ ಇಳಿಯಿತು. ಈ ಕೆಲಸಕ್ಕೆ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಬೆದರಿಸಿ ಓಡಿಸುವುದು ಬಿಟ್ಟು, ಎಲ್ಲಿದ್ದೀಯಪ್ಪ ಎಂದು ಆನೆಯನ್ನು ವಿಚಾರಿಸಿಕೊಂಡು ಬಾಳುವ ಊರು ಅದು. ಪುದುತೋಟ್ಟಂ ಎಂಬಲ್ಲಿ ಸಿಂಗಳೀಕಗಳು ರಸ್ತೆ ದಾಟಲು ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಸಿಂಗಳೀಕ ನಮ್ಮ ಶರಾವತಿ, ಅಘನಾಶಿನಿಯ ಕಾಡಿನದೂ ಹೌದು, ಆದರೆ ಅಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಬಯಲಿನಲ್ಲಿ ಹುಟ್ಟಿ, ಬೇವಿನ ಮರದ ಮೇಲಿನ ಕೋತಿ ಬಿಟ್ಟರೆ ಬೇರೆ ಕಾಡುಪ್ರಾಣಿ ಕಾಣದ ನಮ್ಮ ಮಕ್ಕಳು ಕಂಬದ ಮೇಲಿನ ಆ ಕೆಂಪು ದೀಪವನ್ನೊಮ್ಮೆ ನೋಡಬೇಕು. ಇಷ್ಟೇ ನನ್ನ ಕಾರಣ. ಕತ್ತಲಾದ ಮೇಲೆ ಅಲ್ಲಿ ಚಿರತೆಯ ಭಯವಿದೆ, ಮಕ್ಕಳು ಹೊರಗೆ ಓಡಾಡುವಂತಿಲ್ಲ, ಅದನ್ನೂ ಕಾಗದದಲ್ಲಿ ಬರೆದಿಟ್ಟಿದ್ದೇನೆ.

ಉಳಿದಿರುವುದು ಹಿಂದಿರುಗುವ ದಾರಿ. ಮಾವನಿಗೆ ಉಡುಮಲೈ ಮೇಲೆ ಪಳನಿಗೆ ಹೋಗಿ ಮುಡಿ ಕೊಡಬೇಕು. ಆ ದಾರಿಯ ಹಳ್ಳಿಗಳಲ್ಲೂ ಕನ್ನಡ ಮಾತಾಡುವ ಅನುಪ್ಪರ ಮನೆಗಳಿವೆ, ಮಾತಿಗೆ ತೊಂದರೆಯಿಲ್ಲ ಎನ್ನುತ್ತಾನೆ. ತಂಗಿಗೆ ಮಲಕ್ಕಪ್ಪಾರದ ಕಾಡಿನಲ್ಲಿ ಇಳಿದು ಅತಿರಪ್ಪಿಳ್ಳಿ ಜಲಪಾತ ನೋಡಬೇಕು. ಅಲ್ಲಿ ಸಂಜೆ ಗೇಟು ಬೀಳುತ್ತದೆ, ಬೆಳಿಗ್ಗೆಯೇ ಹೊರಡಬೇಕು, ಸುತ್ತು ಜಾಸ್ತಿ, ಎಣ್ಣೆ ಜಾಸ್ತಿ. ಬೇಸಿಗೆಯಲ್ಲಿ ಜಲಪಾತದಲ್ಲಿ ನೀರೆಷ್ಟಿರುತ್ತದೆ ಎಂದು ಮಾವ ಕೇಳುತ್ತಾನೆ, ಮುಡಿ ಕೊಡಲು ನಮ್ಮ ಹುಲಿಗಿಯ ಅಮ್ಮ ಸಾಲದೇ ಎಂದು ತಂಗಿ ಕೇಳುತ್ತಾಳೆ. ಕಾಕಾ ಹೊಸ ಬೀಡಿ ಪೊಟ್ಟಣ ಬಿಚ್ಚಿ ಎರಡೂ ದಾರಿಯ ಲೀಟರು ಲೆಕ್ಕ ಹಾಕಲು ಕೂತಿದ್ದಾನೆ. ಅವ್ವ ನಾಳೆ ರೊಟ್ಟಿ ತಟ್ಟಲು ನಾಲ್ಕು ಮನೆಯ ಹೆಂಗಸರಿಗೆ ಹೇಳಿ ಕಳಿಸಿದ್ದಾಳೆ.